ಗುಡ್ಡಪ್ಪ ಮುಗಿಸದೆ ಬಿಟ್ಟ ಕರಡಿ ಕಥೆ

ಮೆಟ್ರಿ ಊರಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ಕೈ ಅಂದರೆ ಜಂಬವ್ವನದು. ಸೊಂಟದ ಸುತ್ತ ಬೊಕ್ಕೆಯೆದ್ದು ಉರಿಯುತ್ತಿದ್ದರೆ ಅದರ ಎರಡೂ ತುದಿಗೆ ಕೆಂಪು ಗೆರೆ ಎಳೆದು ದಾರಿ ಕಟ್ಟುತ್ತಿದ್ದಳು. ಹಾವಿನ ತಲೆ ಬಾಲ ಸೇರಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ಊರಿನ ನಂಬಿಕೆ. ಒಮ್ಮೆ ಹಂಪಿಯಿಂದ ಆನೆಯೇ ಬಂದಿತ್ತು, ಅದರ ಹೊಟ್ಟೆಯ ಸುತ್ತಳತೆಗೆ ಎರಡು ಬುಟ್ಟಿ ಮಣ್ಣು ಹಿಡಿಯಿತು ಎಂದು ಅವಳ ಗಂಡ ಗುಡ್ಡಪ್ಪ ಹೇಳುತ್ತಿದ್ದ. ಅವನ ಮಾತನ್ನು ಮೊರದಲ್ಲಿ ಹಾಕಿ ಕೇರಿಯೇ ತೆಗೆದುಕೊಳ್ಳಬೇಕು.

ಗುಡ್ಡಪ್ಪ ಬಾಳೆಗೊನೆ ಹೊರುವವ. ದರೋಜಿ ಗುಡ್ಡದಲ್ಲಿ ಕರಡಿಯೊಂದು ಅವನ ಪಕ್ಕ ಕುಳಿತು ಬೀಡಿ ಕೇಳಿತ್ತಂತೆ. ಎರಡು ದಮ್ಮು ಎಳೆದು ಅವನ ಕಿವಿಯಲ್ಲಿ ಏನೋ ಹೇಳಿತಂತೆ.

"ಏನಂತು?" ಎಂದು ಜಂಬವ್ವ ಕೇಳಿದರೆ, "ನಾಳಿಗೆ ಹೇಳ್ತೀನಿ ಬಿಡಲೇ ಜಂಬಿ. ಇವತ್ತ ಹೇಳಿದ್ರ ನಾಳೆ ನನ್ನ ಮಾರಿ ಯಾರು ನೋಡ್ತಾರ?" ಎನ್ನುತ್ತಿದ್ದ. ಹೀಗೆಯೇ ಇಪ್ಪತ್ತು ವರ್ಷ.

ಅವನಿಗೂ ಒಮ್ಮೆ ಸರ್ಪಸುತ್ತು ಆಯಿತು. ಜಂಬವ್ವ ನಾಲ್ಕು ಬೆರಳು ಜಾಗ ಬಿಟ್ಟು ಗೆರೆ ಎಳೆದಳು. ಹದಿನೈದು ದಿನಕ್ಕೆ ಒಣಗಿತು. ಓಣಿಯೆಲ್ಲ ಹೇಳಿಕೊಂಡು ಬಂದಳು. ಎರಡು ವರ್ಷ ಕಳೆದ ಮೇಲೆ ಜ್ವರ, ಕೆಮ್ಮು, ಬಿಡದ ಭೇದಿ. "ಕರಡಿ ಬಂದ್ರ ಬರೇ ಎಲುಬು ನೋಡಿ ವಾಪಸ್ ಹೋಗ್ಲಿ ಅಂತ ಸಣ್ಣಾಗಾಕತ್ತೀನಿ" ಎಂದು ನಕ್ಕ. ಹೊಸಪೇಟೆಗೆ ಒಯ್ಯುವ ಹೊತ್ತಿಗೆ ಎದೆಯಲ್ಲಿ ಟಿಬಿ, ರಕ್ತದಲ್ಲಿ ಎಚ್‌ಐವಿ.

ಡಾಕ್ಟರಮ್ಮ ಕೇಳಿದಳು: "ಹಿಂದೆ ಸರ್ಪಸುತ್ತು ಆಗಿತ್ತಾ? ಕೆಲವ್ರಿಗೆ ಅದು ಎಚ್‌ಐವಿಯ ಮೊದಲ ಗುರುತಾಗಿರ್ತದ. ಆವಾಗ್ಲೇ ರಕ್ತ ತೋರಿಸಿದ್ರ ಗೊತ್ತಾಗ್ತಿತ್ತೇನೋ. ಗುಳಿಗಿ ತಗೊಂಡು ಓಡಾಡ್ಕೊಂಡು ಇರ್ತಿದ್ರಮ್ಮ."

ಹತ್ತೊಂಬತ್ತನೆಯ ದಿನ ಗುಡ್ಡಪ್ಪ ಹೋದ. ಜಂಬವ್ವನ ರಕ್ತದಲ್ಲೂ ಅದು ಇತ್ತು, ಆದರೆ ಅವಳದು ಬೇಗ ಸಿಕ್ಕಿತು. ಎಂಟು ವರ್ಷದಿಂದ ದಿನಕ್ಕೊಂದು ಗುಳಿಗೆ ನುಂಗಿ ಗಟ್ಟಿಯಾಗಿದ್ದಾಳೆ. ಡಬ್ಬಿ ಜೋಳದ ಗಡಿಗೆಯೊಳಗೆ. ಊರಿಗೆ ಗೊತ್ತಿದ್ದದ್ದು ಟಿಬಿ ಮಾತ್ರ. ಗುಳಿಗೆ ನುಂಗುವಾಗಲೆಲ್ಲ ಒಂದೇ ಯೋಚನೆ: ಆ ಎರಡು ವರ್ಷ. ಅವನು ಇದ್ದಿದ್ದರೆ ಈಗಲೂ 'ನಾಳೆ' ಎನ್ನುತ್ತಿದ್ದನಲ್ಲ.

ಮೊನ್ನೆ ಪಕ್ಕದ ಮನೆಯ ಮೌನೇಶ್ ಬಂದು ಅಂಗಿ ಎತ್ತಿದ. ಅದೇ ಬೊಕ್ಕೆ.

"ಜಲ್ದಿ ಬರಿ ದೊಡ್ಡವ್ವ, ಉರಿ ತಡಿಯಾಕಾಗವಲ್ದು."

ಜಂಬವ್ವ ಮಣ್ಣು ಕಲೆಸಿದಳು, ಬೆರಳು ಅದ್ದಿದಳು, ಅಲ್ಲೇ ನಿಂತಳು.

"ಮೊದ್ಲು ಹೊಸಪೇಟಿಗೆ ಹೋಗಿ ರಕ್ತ ತೋರ್ಸು."

"ಬೊಕ್ಕಿಗೆ ರಕ್ತ ಯಾಕ?"

"ಎಚ್‌ಐವಿ ಐತೋ ಇಲ್ಲೋ ನೋಡಾಕ. ಇದಾದವ್ರಿಗೆಲ್ಲ ಅದು ಇರೂದಿಲ್ಲ. ಇದ್ರ ಈಗ್ಲೇ ತಿಳೀಲಿ."

"ನನ್ನೇನು ಅಂಥಾವ ಅನ್ಕೊಂಡೀಯೇನು? ನೀ ಬರಿಯೂದಿಲ್ಲಂದ್ರ ಬ್ಯಾಡ ಬಿಡು!" ಅಂಗಿ ಇಳಿಸಿ ಎದ್ದೇಬಿಟ್ಟ.

ಹೊಸ್ತಿಲು ದಾಟಿದರೆ ಇವನೂ ಗುಡ್ಡಪ್ಪನಂತೆ ಎರಡು ವರ್ಷ ಕಳೆದುಕೊಂಡಾನು. ಜಂಬವ್ವ ಗಡಿಗೆಗೆ ಕೈ ಹಾಕಿ ಡಬ್ಬಿ ತೆಗೆದು ಅವನ ಮುಂದಿಟ್ಟಳು.

"ಇದು ನಂದು, ಅದೇ ಎಚ್‌ಐವಿ ಗುಳಿಗಿ. ನಿಮ್ಮ ದೊಡ್ಡಪ್ಪಗ ನಾ ಗೆರಿ ಎಳ್ದೆ. ತಲಿ ಬಾಲ ಕೂಡ್ಲಿಲ್ಲ, ಮನುಷ್ಯಾನ ಹೋದ. ಊರಿಗೆ ಹೇಳ್ತೀಯೇನು, ಹೇಳ್ಕ. ಆದ್ರ ಮೊದ್ಲು ಬಸ್ಸು ಹತ್ತು."

ಮೌನೇಶ್ ಡಬ್ಬಿಯನ್ನು ನೋಡಿ ಮತ್ತೆ ಕುಳಿತ. ಆಮೇಲೆ, "ನೀನೂ ಬರ್ತೀಯೇನು?" ಎಂದ.

ಬಸ್ಸು ಊರು ದಾಟಿತು. ಕಿಟಕಿಯಾಚೆ ದರೋಜಿ ಕಡೆಯ ಗುಡ್ಡಗಳು. ಹೆದರಿಕೆ ಮರೆಯಲಿಕ್ಕೋ ಏನೋ, ಮೌನೇಶ್ ಕೇಳಿದ: "ದೊಡ್ಡವ್ವ, ಕಡೀಗೆ ದೊಡ್ಡಪ್ಪನ ಆ ಕರಡಿ ಏನಂತು?"

"ನಂಗೇನು ಗೊತ್ತಪ," ಎಂದಳು ಜಂಬವ್ವ. "ಕೇಳ್ಬೇಕಂತ ನಾನೂ ಕಾಯಾಕತ್ತೀನಿ."