ಗೋದಾಮಿನ ಹೊರಗೆ ನಿಂತ ಪ್ರಾರ್ಥನೆ

ಆ ಕಾಲಕ್ಕೆ ದೊಡ್ಡ ಮೊತ್ತವಾಗಿದ್ದ, ತಿಂಗಳಿಗೆ ಮೂವತ್ತು ರೂಪಾಯಿ ಹೆಚ್ಚು ಬಾಡಿಗೆಯ ಆಸೆಗೆ, ಮುಂಬಯಿ ಧಾರಾವಿಯ ನನ್ನ ಚರ್ಮದ ಗೋದಾಮಿನಲ್ಲಿ ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದ ಎಂಟು ಮನೆಯವರನ್ನು ಹೊರಗೆ ಹಾಕಿದೆ. ನನ್ನಂತೆ ಧಾರವಾಡದ ಕಡೆಯವರೇ, ಕ್ರೈಸ್ತರು. ಶನಿವಾರ ಸಂಜೆ ತಾವೇ ಚರ್ಮಗಳನ್ನು ಮೂಲೆಗೆ ಒಟ್ಟಿ ನೆಲ ತೊಳೆಯುತ್ತಿದ್ದರು. ಮರುವಾರ ನೋಡಿದರೆ, ಮಳೆಯಲ್ಲಿ ಗಟಾರದ ಪಕ್ಕ ಕೊಡೆ ಹಿಡಿದು ನಿಂತೇ ಹಾಡುತ್ತಿದ್ದರು. ಎಲ್ಲರ ಮುಂದೆ, ಗಿರಣಿಯಲ್ಲಿ ಗಂಡನನ್ನು ಕಳೆದುಕೊಂಡ ಕರುಣಮ್ಮ.

ನಾಚಿಕೆ ಮುಚ್ಚಿಕೊಳ್ಳಲು ಚೇಷ್ಟೆ ಮಾಡಿದೆ: “ಏನಬೇ ಕರುಣಮ್ಮ, ಮಳ್ಯಾಗ ನಿಂತ್ರ ದೇವರಿಗೆ ಜಾಸ್ತಿ ಕೇಳತೈತೇನು?”

“ದೇವರಿಗೆ ಮೊದಲೂ ಕೇಳತಿತ್ರಿ ಸಾವಕಾರ್ರ, ಈಗ ಓಣಿಗೂ ಕೇಳತೈತಿ,” ಎಂದು ನಕ್ಕರು. “ಜಾಗಾ ಕೊಟ್ಟವರು ಅಂತ ವಾರಾ ವಾರಾ ನಿಮ್ಮ ಹೆಸರ ಹೇಳಿ ಬೇಡಿಕೋತಿದ್ವಿ. ಅದನ್ನೇನ ಬಿಟ್ಟಿಲ್ರಿ.”

ಹೊಸ ಬಾಡಿಗೆದಾರನಿಂದ ಮುಂಗಡ ಪಡೆದು ಮಾತು ಕೊಟ್ಟಾಗಿತ್ತು, ಅವರಿಗೆ ಜಾಗ ಮರಳಿಸಲಾಗಲಿಲ್ಲ. ಮಳೆಗಾಲವಿಡೀ ಅವರು ಅಲ್ಲೇ ನಿಂತರು, ನಾನು ಭಾನುವಾರ ಆ ದಾರಿಯನ್ನೇ ಬಿಟ್ಟೆ. ಬಾಡಿಗೆಗೆ ಕೊಡುವವರೇ, ಮುಂಗಡ ಮುಟ್ಟುವ ಮೊದಲು ಒಳಗಿರುವವರನ್ನು ಕೂರಿಸಿಕೊಂಡು ಮಾತಾಡಿ. ಮುಂಗಡ ಕೈಗೆ ಬಂದ ಮೇಲೆ ಯಾರ ಮಾತೂ ಕಿವಿಗೆ ಹೋಗುವುದಿಲ್ಲ.