ಕೆಟ್ಟಿದ್ದು ನನ್ನ ಹಾಲಲ್ಲ

ಎಂಬತ್ತಾರನೇ ಇಸವಿಯ ಬೇಸಿಗೆ. ಮಗಳಿಗೆ ಏಳು ತಿಂಗಳು. ಒಂದು ಬೆಳಿಗ್ಗೆ ಬಟ್ಟೆ ಬದಲಿಸುವಾಗ ನೀರಿನಂಥ ಭೇದಿ ಕಂಡಿತು. ಹಲ್ಲು ಬರುತ್ತಿರಬೇಕು ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡೆ. ಸಂಜೆಯ ಹೊತ್ತಿಗೆ ಅವಳ ಕಣ್ಣು ಗುಳಿ ಬಿದ್ದಿದ್ದವು.

ನ್ಯಾಮತಿಯಿಂದ ಬಸ್ಸಿನಲ್ಲಿ ಹೊನ್ನಾಳಿಗೆ ಒಯ್ದೆವು. ಅಲ್ಲಿನ ಖಾಸಗಿ ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡಿದರು. ನನ್ನ ಕಡೆ ನೋಡಲಿಲ್ಲ. ನನ್ನ ಗಂಡನಿಗೆ ಹೇಳಿದರು: "ತಾಯಿ ಹಾಲು ನಿಲ್ಸಿ. ಅದೇ ಒಗ್ತಿಲ್ಲ. ಬಾರ್ಲಿ ನೀರು ಕೊಡಿ, ಆಮೇಲೆ ಡಬ್ಬಿ ಹಾಲು."

ಅಷ್ಟಕ್ಕೇ ನನ್ನ ಹಾಲು ವಿಷವಾಯಿತು.

ಮನೆಗೆ ಬಂದದ್ದೇ ಅತ್ತೆ ಬೇವಿನೆಲೆ ಅರೆದು ತಂದರು. "ಎದಿಗೆ ಹಚ್ಚಿಕೋ. ಕಹಿ ಆದ್ರೆ ಕೂಸು ತಾನೇ ಬಿಡ್ತೈತೆ."

"ಇಷ್ಟು ದಿನ ಇದೇ ಹಾಲು ಕುಡಿದು ಬೆಳೆದಾಳಲ್ರೀ, ಅತ್ತೇರೆ?"

"ಡಾಕ್ಟ್ರಿಗಿಂತ ನಿನಗೇ ಹೆಚ್ಚು ಗೊತ್ತೈತೇನು?"

ಹಚ್ಚಿಕೊಂಡೆ. ಮಗಳು ಬಾಯಿಟ್ಟಳು, ಮುಖ ಕಿವುಚಿದಳು, ನನ್ನನ್ನೇ ನೋಡುತ್ತಾ ಅತ್ತಳು. ಹಾಲು ಕಟ್ಟಿ ಎದೆ ಕಲ್ಲಾಯಿತು. ನಾನು ಬಚ್ಚಲಲ್ಲಿ ಕೂತು ಹಾಲು ಹಿಂಡಿ ಚೆಲ್ಲುವಾಗ, ಅಡುಗೆಮನೆಯಲ್ಲಿ ಅತ್ತೆ ಅವಳಿಗೆ ಡಬ್ಬಿಯ ಪುಡಿ ಕಲಸುತ್ತಿದ್ದರು. ಭೇದಿ ನಿಲ್ಲುವ ಬದಲು ಹೆಚ್ಚಾಯಿತು. ತೊಡೆಯ ಚರ್ಮ ಜೋತುಬಿತ್ತು. ನೋಡಲು ಬಂದ ಹೆಂಗಸರು ನನಗೆ ಕೇಳುವಂತೆಯೇ ಅಂದರು: "ತಾಯಿ ಮೈಯಾಗೇ ಏನೋ ದೋಷ ಐತೆ."

ಒಂದು ಮುಂಜಾನೆ ಅವಳು ಅಳುವುದನ್ನೇ ನಿಲ್ಲಿಸಿದಳು.

ಯಾರನ್ನೂ ಕೇಳದೆ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ದಾವಣಗೆರೆ ಬಸ್ಸಿಗೆ ನಡೆದೆ. ಗಂಡ ಹಿಂದೆಯೇ ಓಡಿಬಂದರು. ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಲೇಡಿ ಡಾಕ್ಟರು ಮೊದಲು ಡ್ರಿಪ್ ಹಾಕಿಸಿದರು. ಆಮೇಲೆ ನನ್ನನ್ನೇ ಕೇಳಿದರು, "ಎದೆಹಾಲು ಇದೆಯೇನಮ್ಮ?"

"ನಿಲ್ಸಾಕೆ ಹೇಳಿದ್ರು, ಮೇಡಮ್ಮೋರೆ."

ಅವರ ಮುಖ ಬಿಗಿಯಿತು. ಮಂಚದ ಅಂಚಿನಲ್ಲಿ ಕೂತು ಹೇಳಿದರು: "ಕರುಳಿನ ಒಳಗೆ ಮಖಮಲ್ಲಿನಂಥ ಪದರ ಇರುತ್ತೆ. ಭೇದಿಯಿಂದ ಅದು ಹಾಳಾಗಿದೆ. ಅದಿಲ್ಲದೆ ಡಬ್ಬಿ ಹಾಲು ಅರಗೋದು ಕಷ್ಟ. ತಾಯಿ ಹಾಲಲ್ಲಿ ಆಹಾರ ಅಷ್ಟೇ ಅಲ್ಲ, ಗ್ರೋತ್ ಫ್ಯಾಕ್ಟರ್ ಅಂತ ಇರುತ್ತೆ. ಆ ಪದರ ಮತ್ತೆ ಬೆಳೆಯೋಕೆ ಅದು ನೆರವಾಗುತ್ತೆ. ಈಗೀಗ ನಮಗೂ ತಿಳೀತಿದೆ."

ನನಗೆ ಸಮಾಧಾನವಾಗಲಿಲ್ಲ. ಮೈಯೆಲ್ಲ ಉರಿಯಿತು. ಅವಳ ಕರುಳಿಗೆ ಬೇಕಾದದ್ದನ್ನೇ ನನ್ನ ಕೈಯಿಂದ ಬಚ್ಚಲಿಗೆ ಚೆಲ್ಲಿಸಿದ್ದರು! ಏಳು ತಿಂಗಳು ಅವಳನ್ನು ಸಾಕಿದ ಮೈಯನ್ನು ಒಂದೇ ಮಾತಿನಲ್ಲಿ ತಪ್ಪಿತಸ್ಥ ಮಾಡಲು ಹೊನ್ನಾಳಿಯ ಆ ಡಾಕ್ಟರಿಗೆ, ಅತ್ತೆಗೆ ಅಧಿಕಾರ ಕೊಟ್ಟವರು ಯಾರು?

ಹಾಲು ಬತ್ತುತ್ತಾ ಬಂದಿತ್ತು. ಮಗಳು ಎದೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಮತ್ತೆ ಮತ್ತೆ ಹಿಡಿದೆ. ಕೊನೆಗೊಮ್ಮೆ ಬಾಯಿಟ್ಟು ಬಿಡದೆ ಚೀಪಿದಳು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ನಿಧಾನವಾಗಿ ಹಾಲು ಬಂತು. ಉಪ್ಪು-ಸಕ್ಕರೆ ನೀರು, ಡ್ರಿಪ್ಪು, ಹಾಲು ಎಲ್ಲವೂ ಸೇರಿ ಅವಳನ್ನು ಉಳಿಸಿದವು. ಹಾಲೊಂದೇ ಉಳಿಸಿತು ಎಂದು ನಾನು ಹೇಳುವುದಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಒಂದು ದಿನ ಕೆರೆಬಿಳಚಿಯಿಂದ ಅತ್ತೆಯ ತಂಗಿಯ ಸೊಸೆ ಬಂದಿದ್ದಳು. ಅವಳ ಕೂಸಿಗೂ ಭೇದಿ. ಹಾಲು ಬಿಡಿಸಲೇ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗದರಿದರು: "ಬಿಡಿಸಬ್ಯಾಡ! ಹಾಲು ಕುಡಿಸ್ಕೆಂತಲೇ ದಾವಣಗೆರೆಗೆ ಕರಕೊಂಡು ಹೋಗು."

ಆ ಕೂಸಿನ ಸಲುವಾಗಿ ನನಗೆ ಸಂತೋಷವಾಯಿತು. ಅತ್ತೆ ನನ್ನ ಕಡೆ ಮಾತ್ರ ತಿರುಗಲಿಲ್ಲ. ಅಂದು ತಪ್ಪಾಯಿತು ಎಂಬ ಒಂದು ಮಾತಿಗೆ ನಾನು ಕಾದೆ. ಮಗಳು ಹಸಿದು ಕೂಗಿದಳು. ಎತ್ತಿಕೊಂಡು, ಅವರೆದುರೇ ಕೂತು ಹಾಲೂಡಿಸಿದೆ.