ಮೇಷ್ಟ್ರ ಪೆಟ್ಟಿಗೆಗೆ ಹಾಕಿದ ನುಸಿಗುಳಿಗೆ

ಮೊನ್ನೆ ಸೊಸೆ ಬೀರುವಿನಲ್ಲಿ ನುಸಿಗುಳಿಗೆ ಹಾಕಿದ್ದಳು. ಬಾಗಿಲು ತೆಗೆದರೆ ಗಮ್ಮೆಂದು ಅದೇ ವಾಸನೆ... ಯಳಂದೂರಿನ ಮೇಷ್ಟ್ರು ನೆನಪಾದರು. ತಾಲ್ಲೂಕು ಕಚೇರಿಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನಿವೃತ್ತರು, ಜೈನರು, ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಒಂಟಿ ಜೀವ.

ಅವರ ಬಳಿ ತಾತನ ಕಾಲದ ಕೈಬರಹದ ಪುಸ್ತಕವೊಂದಿತ್ತು. ಬಿಡಿ ಹಾಳೆಗಳು, ಮೇಲೆ ಕೆಳಗೆ ಮರದ ಹಲಗೆ, ಸುತ್ತ ಕೆಂಪು ಬಟ್ಟೆ. ಹಾಳೆ ಹಾಳೆಗೂ ತೀರ್ಥಂಕರರ ಕಥೆಯ ಚಿತ್ರ. ಶ್ರುತಪಂಚಮಿಯ ದಿನ ಅದಕ್ಕೆ ಪೂಜೆ ಮಾಡಿ, ಗಟ್ಟಿಯಾಗಿ ಓದಿ, ಹೊಸ ಬಟ್ಟೆ ಸುತ್ತಿ ಮರದ ಪೆಟ್ಟಿಗೆಯಲ್ಲಿಡುತ್ತಿದ್ದರು. ಆದರೆ ಪುಸ್ತಕಕ್ಕೆ ಹುಳ ಬಿದ್ದಿತ್ತು. ಮೇಷ್ಟ್ರು ದಿನಾ ಬೆಳಿಗ್ಗೆ ನವಿಲುಗರಿಯಿಂದ ಒಂದೊಂದೇ ಹುಳವನ್ನು ಕಾಗದದ ಮೇಲೆ ಸರಿಸಿ, ಹಿತ್ತಲಿಗೆ ಬಿಟ್ಟು ಬರುತ್ತಿದ್ದರು. ಮರುದಿನ ಮತ್ತೆ ಅಷ್ಟೇ ಹುಳ. ನನಗೋ ಮೈ ಉರಿಯುತ್ತಿತ್ತು. ಅಂಥ ಚಿತ್ರಗಳು ತೂತಾಗುತ್ತಿದ್ದರೆ ಈ ಮನುಷ್ಯ ಹುಳಗಳಿಗೆ ಉಪಚಾರ ಮಾಡುತ್ತಾ ಕೂತಿದ್ದಾರಲ್ಲ!

ಒಮ್ಮೆ ಅವರು ಬೀಗದಕೈ ನನಗೆ ಕೊಟ್ಟು ಮಗಳ ಊರಿಗೆ ಹೋದರು. ನಾನು ಒಂದು ಹಿಡಿ ನುಸಿಗುಳಿಗೆ ತಂದು ಪೆಟ್ಟಿಗೆಗೆ ಸುರಿದು, ದೊಡ್ಡ ಉಪಕಾರ ಮಾಡಿದವಳಂತೆ ಮುಚ್ಚಳ ಹಾಕಿದೆ.

ವಾರದ ಮೇಲೆ ಬಂದು ತೆಗೆದು ನೋಡಿದರು. ತಳದ ತುಂಬ ಸತ್ತ ಹುಳ. ಮೇಷ್ಟ್ರು ಗದರಲಿಲ್ಲ. ಒಂದು ಹಾಳೆ ಎತ್ತಿ ತೋರಿಸಿದರು. ಮದುವೆಗೆ ಹೊರಟ ತೀರ್ಥಂಕರ ನೇಮಿನಾಥನ ರಥ, ದಾರಿಯ ಪಕ್ಕ ದೊಡ್ಡಿ, ಅದರ ತುಂಬ ಜಿಂಕೆ, ಕುರಿ.

"ಇವ್ನ ಯಾಕೆ ಕೂಡಾಕವ್ರೆ ಅಂತ ಸ್ವಾಮಿ ಕೇಳುದ್ರಂತೆ. ನಿಮ್ ಮದ್ವೆ ಊಟಕ್ಕೆ ಅಂದ್ನಂತೆ ಸಾರಥಿ. ಮದ್ವೇನೇ ಬ್ಯಾಡ ಅಂತ ರಥ ತಿರುಗುಸ್ಬುಟ್ರು ಕಣಮ್ಮ."

"ಪುಸ್ತಕ ಉಳೀಲಿ ಅಂತ ಮಾಡ್ದೆ ಮೇಷ್ಟ್ರೇ."

"ಉಳೀತು. ಇನ್ನು ಯಾವ ಮಕ ಇಟ್ಕಂಡು ಓದ್ಲಿ ಇದ್ನ?"

ಅವತ್ತು ಅವರು ಉಪವಾಸವಿದ್ದರು. ಆ ವರ್ಷದ ಶ್ರುತಪಂಚಮಿಗೆ ಪೂಜೆಯೇನೋ ಆಯಿತು, ಓದಲಿಲ್ಲ. ಮುಂದಿನ ವರ್ಷವೂ ಓದಲಿಲ್ಲ. ಹುಳ ಮತ್ತೆ ಬಂದಾಗ ಮಾತ್ರ ನವಿಲುಗರಿಯನ್ನು ನನ್ನ ಕೈಗೆ ಕೊಟ್ಟರು. ಕೊಳ್ಳೇಗಾಲಕ್ಕೆ ವರ್ಗವಾಗುವ ತನಕ ದಿನಾ ಬೆಳಿಗ್ಗೆ ಹುಳ ಎತ್ತಿ ಹಿತ್ತಲಿಗೆ ಬಿಟ್ಟೆ.

ಮೇಷ್ಟ್ರು ತೀರಿಕೊಂಡ ಸುದ್ದಿ ಕೊಳ್ಳೇಗಾಲಕ್ಕೆ ತಡವಾಗಿ ಮುಟ್ಟಿತು. ಪುಸ್ತಕ ಎಲ್ಲಿ ಹೋಯಿತೋ ಗೊತ್ತಿಲ್ಲ...

ಬೀರುವಿನ ಗುಳಿಗೆಗಳನ್ನೆಲ್ಲ ಆರಿಸಿ ತೆಗೆದೆ. "ಸೀರೆಗೆ ಹುಳ ಬಿದ್ರೆ ಏನ್ಮಾಡೀರಿ ಅತ್ತೆ?" ಎಂದಳು ಸೊಸೆ.

"ಎತ್ತಿ ಆಚೆ ಬುಡ್ತೀನಿ" ಎಂದೆ. ತಪ್ಪಾಯಿತು ಎಂದು ಮೇಷ್ಟ್ರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಒಂದು ಸಲವಾದರೂ ಓದುತ್ತಿದ್ದರೋ ಏನೋ.